ಹೊಸ ಹತ್ತು ಗಾಲಿ ಗಾಡಿಗೆ ಯಾವ ಕ್ಯಾಬಿನ್? ಕೂತು, ಮಲಗಿ ನೋಡಿದವರು ಹೇಳಿ

ಹತ್ತು ಗಾಲಿ, ಜಮಖಂಡಿ

ನಮ್ಮ ಮಾಲಕರು ಹೊಸ ಗಾಡಿ ತಗೊಳ್ಳುವವರಿದ್ದಾರೆ. ಹತ್ತು ಗಾಲಿ, 28 ಟನ್ನಿನದು. ಜಿಎಸ್‌ಟಿ 28 ಪರ್ಸೆಂಟಿನಿಂದ 18ಕ್ಕೆ ಇಳಿದಾಗಿನಿಂದ ಅವರ ತಲೆಯಲ್ಲಿ ಇದೇ ಓಡುತ್ತಿದೆ. ಹದಿನೇಳು ವರ್ಷದಿಂದ ಅವರ ಹತ್ತಿರ ಇದ್ದೇನೆ. ಮೊನ್ನೆ ಮೊದಲ ಸಲ ಕೇಳಿದರು: "ಓಡಿಸುವವನು ನೀನು. ನಿನಗೆ ಯಾವುದು ಬೇಕು ಹೇಳು." ಬಾಯಿಂದ ಮಾತೇ ಬರಲಿಲ್ಲ. ಒಂದು ವಾರ ಟೈಮ್ ಕೊಡಿ ಅಂದೆ.

ಇಂಜಿನ್, ಮೈಲೇಜ್, ಸಾಲದ ಕಂತು ಎಲ್ಲ ಅವರೇ ನೋಡಿಕೊಳ್ಳುತ್ತಾರೆ. ನಾನು ಕೇಳುತ್ತಿರುವುದು ಕ್ಯಾಬಿನ್ ಬಗ್ಗೆ. ಈಗಿರುವುದು 2518, ಕೌಲ್ ತಂದು ಇಲ್ಲೇ ಕಟ್ಟಿಸಿದ ಕ್ಯಾಬಿನ್. ಸಕ್ಕರೆ ತುಂಬಿಕೊಂಡು ಮಂಗಳೂರಿಗೆ ಹೋಗುತ್ತೇನೆ, ಗೊಬ್ಬರ ತುಂಬಿಕೊಂಡು ಬರುತ್ತೇನೆ. ತಿಂಗಳಲ್ಲಿ ಇಪ್ಪತ್ತು ರಾತ್ರಿ ಗಾಡಿಯಲ್ಲೇ ನಿದ್ದೆ. ರೇಷನ್ ಕಾರ್ಡಿನಲ್ಲಿ ಮನೆ ನಂಬರ್ ತೆಗೆಸಿ ಗಾಡಿ ನಂಬರ್ ಹಾಕಿಸಿ ಅಂತ ಹೆಂಡತಿ ಚಾಷ್ಟಿ ಮಾಡುತ್ತಾಳೆ.

ಟಾಟಾ ಸಿಗ್ನಾ, ಲೇಲ್ಯಾಂಡ್ ಎವಿಟಿಆರ್, ಭಾರತ್ ಬೆಂಜ್, ಐಷರ್ ಪ್ರೊ, ಮಹೀಂದ್ರ ಬ್ಲಾಜೊ, ಎಲ್ಲ ಓಡಿಸಿದವರು ಇಲ್ಲಿ ಇದ್ದೀರಿ. ನಿಮ್ಮ ಬೆನ್ನು, ಮೊಣಕಾಲು ಏನು ಹೇಳುತ್ತವೆ ಅದನ್ನು ಬರೆಯಿರಿ.

ಒಂದೇ ಕಟ್ಟಳೆ. ಕಳೆದ ಸಲ ಟೈರಿನ ವಿಷಯಕ್ಕೆ ಎಂಥ ಜಗಳ ಆಯಿತು ಅಂತ ಎಲ್ಲರಿಗೂ ನೆನಪಿದೆ. ಅದಕ್ಕೆ ಹೊಗಳುವಾಗ ಕಂಪನಿ ಹೆಸರು ಹಾಕಿ, ಬೈಯುವಾಗ ಹೆಸರು ಬಿಡಿ.

ನಿಪ್ಪಾಣಿ ಕಾಕಾ

ತಮ್ಮಾ, ನಾನು ಸ್ಟೇರಿಂಗ್ ಹಿಡಿದದ್ದು ಟಾಟಾ 1210 ಎಸ್‌ಇ ಮೇಲೆ. ಮೂಗಿನ ಗಾಡಿ. ಇಂಜಿನ್ ಅರ್ಧ ಮೂಗಿನಲ್ಲಿ, ಅರ್ಧ ಒಳಗೆ. ಪವರ್ ಸ್ಟೇರಿಂಗ್ ಇಲ್ಲ. ನಿಂತ ಗಾಡಿ ತಿರುಗಿಸಬೇಕಾದರೆ ಸೀಟಿನಿಂದ ಎದ್ದು ನಿಂತು ಎಳೆಯಬೇಕು. ತಂಬಾಕು ತುಂಬಿಕೊಂಡು ಮಂಗಳೂರಿಗೆ ಹೋಗಿ ಬಂದರೆ ಎರಡು ದಿವಸ ತುತ್ತು ಎತ್ತಲು ಭುಜ ಕೇಳುತ್ತಿರಲಿಲ್ಲ.

ಆಮೇಲೆ ಚಪ್ಪಟೆ ಮುಖದ ಗಾಡಿಗಳು ಬಂದವು. ಉದ್ದ ಉಳಿಯಿತು, ಲೋಡಿಗೆ ಜಾಗ ಜಾಸ್ತಿ ಆಯಿತು. ಆದರೆ ಇಂಜಿನ್ ಪೂರ್ತಿ ಒಳಗೆ ಬಂದು ಕುಳಿತಿತು, ನಮಗೂ ಕ್ಲೀನರಿಗೂ ನಡುವೆ, ಬೀಗರ ಹಾಗೆ. ಬಾನೆಟ್ ಮೇಲೆ ಗೋಣಿ, ಅದರ ಮೇಲೆ ಗಾದಿ, ಅದರ ಮೇಲೆ ಕ್ಲೀನರ್ ಹುಡುಗ. ಮಳೆಗಾಲದಲ್ಲಿ ಅಂಥ ಸುಖ ಇನ್ನೊಂದಿಲ್ಲ. ಒದ್ದೆ ಟವೆಲ್ ಹಾಸಿದರೆ ಸಂಕೇಶ್ವರ ದಾಟುವುದರೊಳಗೆ ಒಣಗುತ್ತಿತ್ತು. ಬೇಸಿಗೆಯಲ್ಲಿ ಮಾತ್ರ ಕೇಳಬೇಡ. ಬಾನೆಟ್ ಕಡೆಗಿನ ಎಡಗಾಲಿಗೆ ಮೊಣಕಾಲಿನ ಕೆಳಗೆ ಕೂದಲೇ ಇರುತ್ತಿರಲಿಲ್ಲ. ಬಲಗಾಲಿಗೆ ಇರುತ್ತಿತ್ತು. ಆಗಿನ ಡ್ರೈವರನನ್ನು ಲೈಸೆನ್ಸ್ ನೋಡದೆ ಕಾಲು ನೋಡಿಯೇ ಗುರುತು ಹಿಡಿಯಬಹುದಿತ್ತು.

ನಿನಗೆ ಯಾವುದು ಕೊಟ್ಟರೂ ಅರಮನೆಯೇ. ಸುಮ್ನೆ ತಗೋ.

ಹೊಸಬ, ಸಿಂದಗಿ

ಕಾಕಾ, 1210 ಅಂದರೆ ಏನು? 2518 ಅಂದರೆ?

ನಿಪ್ಪಾಣಿ ಕಾಕಾ

ಮೊದಲ ಎರಡು ಅಂಕಿ ಟನ್ನು, ಆಮೇಲಿನ ಎರಡು ಹಾರ್ಸ್ ಪವರಿನ ಹತ್ತನೇ ಒಂದು, ಅಂದಾಜಿಗೆ. 2518 ಅಂದರೆ ಗಾಡಿ, ಲೋಡು ಸೇರಿ 25 ಟನ್, 180ರ ಆಸುಪಾಸು ಹಾರ್ಸ್ ಪವರ್. 2018ರಲ್ಲಿ ಆಕ್ಸಲ್ ಲೋಡ್ ಹೆಚ್ಚಿಸಿದಾಗ ಹತ್ತು ಗಾಲಿಯದು 25ರಿಂದ 28.5 ಟನ್ನಿಗೆ ಏರಿತು. ಅದಕ್ಕೇ ಈಗ ಎಲ್ಲರ ಹೆಸರೂ 28ರಿಂದ ಶುರು.

ಕಲ್ಲಿನ ಲೋಡು, ಇಳಕಲ್

ನಾನು ಟ್ರೇಲರ್ ಮೇಲೆ ಇದ್ದೇನೆ. ಗ್ರಾನೈಟ್ ಬ್ಲಾಕ್, ಚೆನ್ನೈ ಬಂದರು. ಟಾಟಾ ಪ್ರೈಮಾ ಓಡಿಸುತ್ತೇನೆ. ಟಾಟಾದವರು 2004ರಲ್ಲಿ ಕೊರಿಯಾದ ಡೇವೂ ಲಾರಿ ಕಂಪನಿ ಕೊಂಡರಲ್ಲ, ಅದರ ನಂತರ ಬಂದ ಗಾಡಿ ಇದು. ಕ್ಯಾಬಿನ್ನಿನ ನಾಲ್ಕು ಮೂಲೆಗೂ ಸ್ಪ್ರಿಂಗ್, ಸೀಟಿಗೆ ಬೇರೆ ಸಸ್ಪೆನ್ಷನ್. ಸ್ಟೇರಿಂಗನ್ನು ಮೇಲೆ ಕೆಳಗೆ, ಹಿಂದೆ ಮುಂದೆ ಮಾಡಿಕೊಳ್ಳಬಹುದು.

ನಮ್ಮಲ್ಲಿ ಕ್ವಾರಿಯಿಂದ ಹೆದ್ದಾರಿ ಮುಟ್ಟುವವರೆಗೆ ರಸ್ತೆ ಅನ್ನುವುದು ಹೆಸರಿಗೆ ಮಾತ್ರ. ಮೊದಲಿನ ಗಾಡಿಯಲ್ಲಿ ಎಲೆಅಡಿಕೆ ಬಾಯಿಗೆ ಹಾಕಿಕೊಂಡರೆ ಸಾಕು, ಅಗಿಯುವ ಕೆಲಸ ರಸ್ತೆಯೇ ಮಾಡುತ್ತಿತ್ತು. ಈಗ ನಾನೇ ಅಗಿಯುತ್ತೇನೆ. ಅಷ್ಟು ಫರಕು.

ಹತ್ತು ಗಾಲಿ ಸಕ್ಕರೆ ಲೋಡಿಗೆ ಪ್ರೈಮಾ ಜಾಸ್ತಿ ಆಯಿತು. ಸಿಗ್ನಾ ನೋಡಿ. 2016ರಲ್ಲಿ ಬಂತು, ಹಳೆಯ ಟಾಟಾ ಕ್ಯಾಬಿನ್ನಿಗೂ ಪ್ರೈಮಾಕ್ಕೂ ನಡುವಿನದು.

ದ್ರಾಕ್ಷಿ ಗಾಡಿ, ತಿಕೋಟಾ

ನನ್ನದು ಆರು ಗಾಲಿ ಐಷರ್, ಒಣದ್ರಾಕ್ಷಿ ಬಾಕ್ಸ್ ಲೋಡು. ಐಷರ್ 2008ರಲ್ಲಿ ವೋಲ್ವೊ ಜೊತೆ ಸೇರಿದ ಮೇಲೆ ಕ್ಯಾಬಿನ್ ಒಳಗಿನ ಕೆಲಸ ಚಲೋ ಆಗಿದೆ ಅಂತ ನನ್ನ ಅನಿಸಿಕೆ. ಗೇರು ಬೀಳುವುದು ಬೆಣ್ಣೆಯಲ್ಲಿ ಚಾಕು ಹಾಕಿದ ಹಾಗೆ. ಊರೊಳಗೆ, ಮಾರ್ಕೆಟ್ಟಿನಲ್ಲಿ ಹತ್ತಿ ಇಳಿಯಲು ಮೆಟ್ಟಿಲು ತಗ್ಗು. ದಿನಕ್ಕೆ ಮೂವತ್ತು ಸಲ ಹತ್ತಿ ಇಳಿಯುವವನಿಗೆ ಅದೇ ದೊಡ್ಡದು. ಆದರೆ ನಾನು ರಾತ್ರಿ ಮನೆಗೆ ಬರುವವನು. ನಿಮ್ಮ ಲೆಕ್ಕ ಬೇರೆ.

ಬಾಡಿ ಕಟ್ಟುವವ, ಬೆಳಗಾವಿ

ಇಪ್ಪತ್ತೆರಡು ವರ್ಷ ಕೌಲ್ ಮೇಲೆ ಕ್ಯಾಬಿನ್ ಕಟ್ಟಿದ್ದೇನೆ. ಕೌಲ್ ಅಂದರೆ ಗೊತ್ತಿಲ್ಲದವರಿಗೆ: ಕಂಪನಿಯಿಂದ ಚಾಸಿ, ಇಂಜಿನ್, ಮುಂದಿನ ಮುಖ, ಸ್ಟೇರಿಂಗ್ ಇಷ್ಟೇ ಬರುತ್ತಿತ್ತು. ಬಾಗಿಲಿಲ್ಲ, ಮೇಲೆ ಮಾಡು (ಛಾವಣಿ) ಇಲ್ಲ. ಒಂದು ತಾತ್ಕಾಲಿಕ ಸೀಟಿನ ಮೇಲೆ ಕೂತು, ಕಣ್ಣಿಗೆ ಗಾಳಿ ಕನ್ನಡಕ ಹಾಕಿ, ತಲೆಗೆ ಟವೆಲ್ ಸುತ್ತಿಕೊಂಡು ಫ್ಯಾಕ್ಟರಿಯಿಂದ ಓಡಿಸಿಕೊಂಡು ಬರುತ್ತಿದ್ದರು. ಉಳಿದದ್ದೆಲ್ಲ ನಮ್ಮ ಕೈಕೆಲಸ.

ನಮ್ಮ ಕ್ಯಾಬಿನ್ನಿನ ಗುಣ ಏನೆಂದರೆ ಅದು ಆ ಡ್ರೈವರನ ಅಳತೆಗೆ ಆಗುತ್ತಿತ್ತು. ಎತ್ತರದವ ಬಂದರೆ ಮಾಡು ನಾಲ್ಕು ಇಂಚು ಎತ್ತರಿಸುತ್ತಿದ್ದೆ. ಬೆನ್ನು ನೋವಿನವನಿಗೆ ಸೀಟಿನ ಹಿಂದೆ ಹಲಗೆ. ದೇವರಿಗೆ ಗೂಡು, ನೀರಿನ ಕ್ಯಾನಿಗೆ ಗೂಡು, ರೊಟ್ಟಿ ಬುಟ್ಟಿಗೆ ಗೂಡು. ಫ್ಯಾಕ್ಟರಿ ಕ್ಯಾಬಿನ್ ಎಲ್ಲರಿಗೂ ಒಂದೇ ಅಳತೆ.

ಇನ್ನೊಂದು ಮಾತೂ ಹೇಳಬೇಕು, ನಮ್ಮ ಹೊಟ್ಟೆ ಮೇಲೆ ನಾವೇ ಹೊಡೆದುಕೊಂಡ ಹಾಗಾದರೂ ಸರಿ. ಎಐಎಸ್ 029 ಅಂತ ಒಂದು ಪರೀಕ್ಷೆ ಇದೆ. ಕ್ಯಾಬಿನ್ನಿನ ಮುಖಕ್ಕೆ ಭಾರದ ಲೋಲಕದಿಂದ ಹೊಡೆಯುತ್ತಾರೆ, ಮಾಡಿನ ಮೇಲೆ ಭಾರ ಹೇರುತ್ತಾರೆ, ಹಿಂದಿನ ಗೋಡೆಯನ್ನು ಒತ್ತುತ್ತಾರೆ. ಎಲ್ಲ ಆದ ಮೇಲೆ ಒಳಗಿನ ಮನುಷ್ಯನಿಗೆ ಬದುಕುವಷ್ಟು ಜಾಗ ಉಳಿದಿರಬೇಕು. ಹಿಂದಿನ ಗೋಡೆ ಯಾಕೆ ಅಂದರೆ, ಗಕ್ಕನೆ ಬ್ರೇಕ್ ಹಾಕಿದಾಗ ಲೋಡು ಮುಂದೆ ಬರುತ್ತದೆ. ನಾವು ಕಟ್ಟಿಗೆ ಚೌಕಟ್ಟು, ತಗಡು ಹೊಡೆದು ಕೊಟ್ಟ ಕ್ಯಾಬಿನ್‌ಗಳಿಗೆ ಲೋಲಕ ಹೊಡೆದವರು ಯಾರು? ರಸ್ತೆಯಲ್ಲೇ ಪರೀಕ್ಷೆ ಆಗುತ್ತಿತ್ತು. ರಿಪೇರಿಗೆ ಬಂದ ಎಷ್ಟೋ ಕ್ಯಾಬಿನ್‌ಗಳನ್ನು ನಾನು ಒಳಗೆ ಹಣಕಿ ನೋಡುತ್ತಿರಲಿಲ್ಲ.

ಫ್ಯಾಕ್ಟರಿ ಕ್ಯಾಬಿನ್ ತಗೊಳ್ಳಿ. ಗೂಡು ಬೇಕಾದರೆ ನನ್ನ ಹತ್ತಿರ ಬನ್ನಿ, ಮಾಡಿಕೊಡುತ್ತೇನೆ.

ಘಟ್ಟದ ಗೇರು, ಖಾನಾಪುರ

ಬಾಡಿ ಅಣ್ಣಾ ಹೇಳಿದ್ದು ಸರಿ. ಅದಕ್ಕೆ ನನ್ನ ಮತ ಭಾರತ್ ಬೆಂಜಿಗೆ. 2012ರಲ್ಲಿ ಬಂದಾಗ "ಜರ್ಮನ್ ಗಾಡಿ, ನಮ್ಮ ರಸ್ತೆಗೆ ನಡೆಯಲ್ಲ" ಅಂತ ಎಲ್ಲರೂ ನಕ್ಕರು. ಚೆನ್ನೈ ಹತ್ತಿರ ಒರಗಡಂನಲ್ಲಿ ತಯಾರಾಗುವ ಗಾಡಿ ಅದು. ಬಾಗಿಲು ಹಾಕಿದರೆ ಧಡ್ ಅನ್ನುವುದಿಲ್ಲ, ಢಪ್ ಅನ್ನುತ್ತದೆ. ಆ ಒಂದು ಸದ್ದಿಗೇ ನಾನು ಮರುಳಾದೆ. ಒಳಗೆ ಇಂಜಿನ್ ಸದ್ದು ಕಡಿಮೆ, ಫೋನ್ ಬಂದರೆ ಕೂಗಬೇಕಾಗಿಲ್ಲ. ಅನಮೋಡ ಘಟ್ಟ ಇಳಿದು ಏರಿದರೂ ಕಿವಿಯಲ್ಲಿ ಗುಂಯ್ ಅನ್ನುವುದಿಲ್ಲ.

ಮೊದಲು ಓಡಿಸಿದ ಬೇರೆ ಒಂದು ಗಾಡಿಯಲ್ಲಿ, ಕಟ್ಟಳೆ ಪ್ರಕಾರ ಹೆಸರು ಹೇಳುವುದಿಲ್ಲ, ಗೇರ್ ರಾಡಿನ ಬುಡದಿಂದ ಧೂಳು ಒಳಗೆ ಬರುತ್ತಿತ್ತು. ಬೇಸಿಗೆಯಲ್ಲಿ ನನ್ನ ಮೀಸೆ ಬೆಳ್ಳಗೆ. ಮಗಳು ಅಜ್ಜಾ ಬಂದ ಅಂದಳು.

ಮಾಲಕರ ಮಗ, ವಿಜಯಪುರ

ಎಲ್ಲರೂ ಬೈಯುವ ಮೊದಲು ಮಾಲಕರ ಕಡೆಯಿಂದಲೂ ಒಂದೆರಡು ಮಾತು. ನಮ್ಮದು ಏಳು ಗಾಡಿ. ಕ್ಯಾಬಿನ್ ಚೆನ್ನಾಗಿದ್ದರೆ ಡ್ರೈವರ್ ನಿಲ್ಲುತ್ತಾನೆ, ಇದನ್ನು ನಾವು ತಡವಾಗಿ ಕಲಿತೆವು. ಈಗ ಡ್ರೈವರ್ ಸಿಗುವುದು ಗಾಡಿ ಸಿಗುವುದಕ್ಕಿಂತ ಕಷ್ಟ. ಕೆಲಸ ಕೇಳಲು ಬರುವ ಹುಡುಗರು ಪಗಾರ ಆಮೇಲೆ ಕೇಳುತ್ತಾರೆ, ಗಾಡಿ ಯಾವುದು ಅಂತ ಮೊದಲು ಕೇಳುತ್ತಾರೆ.

ಆದರೆ ಖರ್ಚು? ಕಟ್ಟಿಸಿದ ಕ್ಯಾಬಿನ್ನಿನ ಬಾಗಿಲು ಬಡಿದರೆ ಸಂಜೆಯೊಳಗೆ ಗ್ಯಾರೇಜಿನಲ್ಲಿ ಸರಿ ಆಗುತ್ತಿತ್ತು. ಫ್ಯಾಕ್ಟರಿ ಕ್ಯಾಬಿನ್ನಿನ ಒಂದು ಮುಂದಿನ ಗಾಜಿಗೆ ನಾವು ಹನ್ನೊಂದು ದಿವಸ ಕಾದೆವು. ಗಾಡಿ ನಿಂತರೂ ಕಂತು ನಿಲ್ಲುವುದಿಲ್ಲ. ಅದಕ್ಕೆ ಜಮಖಂಡಿ ಅಣ್ಣಾ, ನಿಮ್ಮೂರಿಗೆ ಹತ್ತಿರ ಯಾವ ಕಂಪನಿಯ ಪಾರ್ಟು ಸಿಗುತ್ತದೆ ಅದನ್ನು ಮೊದಲು ನೋಡಿ.

ಎಸಿ ವಿಷಯಕ್ಕೆ ನಾನು ಬರುವುದಿಲ್ಲ, ನೀವೇ ಬರುತ್ತೀರಿ.

ಹೊಸಬ, ಸಿಂದಗಿ

ಎಸಿ ಇಲ್ಲದ ಹಳೆ ಗಾಡಿಗೆಲ್ಲ ದಂಡ ಹಾಕುತ್ತಾರಂತೆ, ನಿಜವಾ? ವಾಟ್ಸಾಪಿನಲ್ಲಿ ಬಂದಿತ್ತು.

ಮಾಲಕರ ಮಗ, ವಿಜಯಪುರ

ಇಲ್ಲಪ್ಪಾ. 2025ರ ಅಕ್ಟೋಬರ್ 1 ಮತ್ತು ಅದರ ನಂತರ ತಯಾರಾದ ಗಾಡಿಗೆ ಮಾತ್ರ ಕ್ಯಾಬಿನ್ನಿನಲ್ಲಿ ಎಸಿ ಕಡ್ಡಾಯ. ಒಟ್ಟು ತೂಕ ಮೂರೂವರೆ ಟನ್ ದಾಟಿದ ಗೂಡ್ಸ್ ಗಾಡಿಗಳು, ಎನ್2, ಎನ್3 ಅಂತಾರಲ್ಲ, ಅವು. 2023ರಲ್ಲಿ ಗಡ್ಕರಿ ಅವರು ಹೇಳಿದ್ದು, ಅದೇ ವರ್ಷ ಡಿಸೆಂಬರಿನಲ್ಲಿ ಆದೇಶ ಬಂತು. ಹಳೆಯದಕ್ಕೆ ಏನೂ ಇಲ್ಲ.

ಮಜಾ ಏನೆಂದರೆ ಆ ಅಕ್ಟೋಬರ್ 1 ನಮಗೆ ಖಂಡೇನವಮಿ. ನಾವು ಹಳೆ ಗಾಡಿಗಳಿಗೆ ಕುಂಬಳಕಾಯಿ ಒಡೆಯುತ್ತಿದ್ದೆವು, ಅಲ್ಲಿ ಎಸಿ ಕಾನೂನು ಚಾಲು ಆಗಿತ್ತು.

ಕಲ್ಲಿನ ಲೋಡು, ಇಳಕಲ್

ಎಸಿ ಇರುವುದು ಬೇರೆ, ಹಾಕುವುದು ಬೇರೆ. ಅದನ್ನು ಮಾತಾಡಿ.

ನಮ್ಮಲ್ಲಿ ಪದ್ಧತಿ ಹೇಗಿದೆ? ಟ್ರಿಪ್ಪಿಗೆ ಇಷ್ಟು ಲೀಟರ್ ಅಂತ ಮಾಲಕರು ಡೀಸೆಲ್ ಲೆಕ್ಕ ಕಟ್ಟಿರುತ್ತಾರೆ. ಅದಕ್ಕಿಂತ ಜಾಸ್ತಿ ಸುಟ್ಟರೆ ಭತ್ಯೆಯಲ್ಲಿ ಮುರಿಯುತ್ತಾರೆ. ಉಳಿಸಿದರೆ ಕೆಲವರು ಅರ್ಧ ಕೊಡುತ್ತಾರೆ. ಆ ಲೆಕ್ಕ ಕಟ್ಟಿದ್ದು ಎಸಿ ಇಲ್ಲದ ಕಾಲದಲ್ಲಿ. ಈಗ ಎಸಿ ಗಾಡಿ ಕೊಟ್ಟು ಹಳೆ ಲೆಕ್ಕವನ್ನೇ ಇಟ್ಟರೆ ಯಾವ ಡ್ರೈವರ್ ಬಟನ್ ಒತ್ತುತ್ತಾನೆ? ನಾನು ಹಿಂದೆ ಕೆಲಸ ಮಾಡಿದ ಒಂದು ಕಡೆ ಎಸಿ ಇದ್ದ ಗಾಡಿಯಲ್ಲಿ ಮೇ ತಿಂಗಳು ಪೂರ್ತಿ ಕಿಟಕಿ ತೆರೆದು ಓಡಿಸಿದೆ. ಹುನಗುಂದದಿಂದ ವಿಜಯಪುರದವರೆಗೆ ಮುಖಕ್ಕೆ ಬರುವುದು ಗಾಳಿ ಅಲ್ಲ, ಬಡಬಾಗ್ನಿ. ಎದುರಿಗೆ ಎಸಿ ಬಟನ್. ಅದನ್ನು ನೋಡುತ್ತ ಬೆವರುವುದು.

ನಿಪ್ಪಾಣಿ ಕಾಕಾ

ಎಸಿ ಬಂದರೆ ನಿದ್ದೆ ಬರುತ್ತದೆ ಅಂತ ನಮ್ಮ ಕಾಲದ ಮಾಲಕರು ಅನ್ನುತ್ತಿದ್ದರು.

ಘಟ್ಟದ ಗೇರು, ಖಾನಾಪುರ

ಕಾಕಾ, ಸಿಟ್ಟಾಗಬೇಡಿ, ಅದು ಮಾಲಕರು ಕಟ್ಟಿದ ಕಥೆ. ಸೆಕೆಯಲ್ಲಿ ಹಗಲು ಮಲಗಲು ಆಗದೆ ರಾತ್ರಿ ಓಡಿಸಿದಾಗ ಬರುವ ನಿದ್ದೆಯೇ ಅಪಾಯ. 2025ರವರೆಗೆ ಇದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ದಿನಕ್ಕೆ 8 ತಾಸು, ವಾರಕ್ಕೆ 48 ತಾಸು ಅನ್ನುತ್ತಿತ್ತು. ನಮ್ಮ ಕ್ಲೀನರಿಗೆ ಓದಿ ಹೇಳಿದೆ. ಒಂದು ದಿವಸದ್ದಾ, ಒಂದು ಹೊತ್ತಿನದ್ದಾ ಅಂತ ಕೇಳಿದ.

ಮಾಲಕರ ಮಗ, ವಿಜಯಪುರ

ಒಪ್ಪಿದೆ. ನಾವು ಎಸಿ ಗಾಡಿಗೆ ಟ್ರಿಪ್ಪಿನ ಲೆಕ್ಕ ಬೇರೆ ಮಾಡಿದ್ದೇವೆ. ಆದರೆ ಲೋಡಿಂಗಿಗೆ ಕ್ಯೂನಲ್ಲಿ ನಿಂತಾಗ ಇಂಜಿನ್ ಚಾಲು ಇಟ್ಟು ಎಸಿಯಲ್ಲಿ ಮಲಗುವುದು ಬೇಡ. ತಾಸಿಗೆ ಹತ್ತಿರ ಹತ್ತಿರ ಎರಡು ಲೀಟರ್ ಹೋಗುತ್ತದೆ, ನಮ್ಮ ಗಾಡಿಗಳ ಅನುಭವ ಇದು. ಹೊಗೆ ಒಳಗೆ ಬಂದರೆ ಜೀವಕ್ಕೂ ಅಪಾಯ.

ಕೌದಿ, ಮುಧೋಳ

ನಾನು ಡ್ರೈವರ್ ಅಲ್ಲ, ಡ್ರೈವರ್ ಹೆಂಡತಿ. ಎಲ್ಲರದೂ ಓದಿದೆ. ಸೀಟು, ಸ್ಪ್ರಿಂಗ್, ಎಸಿ ಎಲ್ಲ ಆಯಿತು. ಮಲಗುವ ಜಾಗದ ಅಗಲ ಎಷ್ಟು ಅಂತ ಒಬ್ಬರಾದರೂ ಬರೆದಿಲ್ಲವಲ್ಲ?

ನನಗೆ ಗೊತ್ತು, ಯಾಕೆಂದರೆ ಗಾಡಿಗೆ ಕೌದಿ ಹೊಲಿಯುವವಳು ನಾನು. ಮನೆಯ ಕೌದಿ ಒಯ್ದರೆ ಅಂಚು ಕೆಳಗೆ ಇಳಿದು ಗ್ರೀಸ್ ಆಗುತ್ತದೆ. ಅದಕ್ಕೆ ಗಾಡಿ ಅಳತೆಗೇ ಹೊಲಿಯಬೇಕು. ಮೊದಲಿನ ಗಾಡಿಯಲ್ಲಿ ಸೀಟಿನ ಹಿಂದಿನ ಹಲಗೆ ಎರಡು ಗೇಣು, ನಾಲ್ಕು ಬೆರಳು. ನಮ್ಮವರು ಒಂದೇ ಮಗ್ಗುಲಿಗೆ ಮಲಗಿ ಬಲ ಭುಜ ನೋಯಿಸಿಕೊಂಡರು. ಹೊಳ್ಳಬೇಕಾದರೆ ಎದ್ದು ಕೂತು ಹೊಳ್ಳಬೇಕು. ಈಗಿರುವುದು ಲೇಲ್ಯಾಂಡ್, ಸ್ಲೀಪರ್ ಕ್ಯಾಬಿನ್. ಮೂರು ಗೇಣು ದಾಟಿ ಇದೆ. ನಾನು ಒಮ್ಮೆ ಧರ್ಮಸ್ಥಳಕ್ಕೆ ಅದೇ ಗಾಡಿಯಲ್ಲಿ ಹೋಗಿದ್ದೆ, ಚೆನ್ನಾಗಿ ನಿದ್ದೆ ಬಂತು. ಕಾಲು ಚಾಚಿದರೆ ಬಾಗಿಲಿಗೆ ತಾಗಲಿಲ್ಲ. ನಮ್ಮವರ ಕಾಲು ತಾಗುತ್ತದೆ.

ಗಾಡಿ ನೋಡಲು ಹೋಗುವಾಗ ಮನೆಯವರನ್ನೂ ಕರೆದುಕೊಂಡು ಹೋಗಿ ಅಣ್ಣಾರೆ.

ಬಾಡಿ ಕಟ್ಟುವವ, ಬೆಳಗಾವಿ

ಅಕ್ಕಾ ಹಿಡಿದ ಎಳೆಯೇ ಸರಿಯಾದದ್ದು. ಕಂಪನಿ ಯಾವುದು ಅನ್ನುವುದಕ್ಕಿಂತ ಮೊದಲು ಕೇಳಬೇಕಾದದ್ದು ಡೇ ಕ್ಯಾಬಿನ್ನೋ, ಸ್ಲೀಪರ್ ಕ್ಯಾಬಿನ್ನೋ ಅಂತ. ಟಾಟಾದಲ್ಲೂ ಎರಡೂ ಇದೆ, ಲೇಲ್ಯಾಂಡಿನಲ್ಲೂ ಎರಡೂ ಇದೆ. ಎವಿಟಿಆರ್ 2020ರಲ್ಲಿ ಬಂದಾಗಿನಿಂದ ಲೇಲ್ಯಾಂಡಿನವರು ಕ್ಯಾಬಿನ್, ಇಂಜಿನ್, ಆಕ್ಸಲ್ ಎಲ್ಲ ಬೇಕಾದ ಹಾಗೆ ಜೋಡಿಸಿಕೊಡುತ್ತಾರೆ. ಡೇ ಕ್ಯಾಬಿನ್ನಿನಲ್ಲಿ ಮಲಗುವ ಹಲಗೆ ಇಲ್ಲ, ಗಿಡ್ಡ, ಅದಕ್ಕೆ ಹಿಂದೆ ಲೋಡಿಗೆ ಜಾಗ ಜಾಸ್ತಿ, ರೇಟೂ ಕಡಿಮೆ. ಮಾಲಕರ ಕಣ್ಣು ಅಲ್ಲಿಗೇ ಹೋಗುತ್ತದೆ. ಭಾರತ್ ಬೆಂಜಿನ ಡೇ ಕ್ಯಾಬಿನ್ನಿಗಿಂತ ಬೇರೆಯವರ ಸ್ಲೀಪರ್ ಮೇಲು, ನಿಮ್ಮ ಮಂಗಳೂರು ಲೈನಿಗೆ.

ಘಟ್ಟದ ಗೇರು, ಖಾನಾಪುರ

ಆ ಮಾತಿಗೆ ನನ್ನ ಹತ್ತಿರ ಉತ್ತರ ಇಲ್ಲ. ಢಪ್ ಅನ್ನುವ ಬಾಗಿಲಿನ ಮೇಲೆ ಮಲಗಲು ಆಗುವುದಿಲ್ಲ.

ಹತ್ತು ಗಾಲಿ, ಜಮಖಂಡಿ

ಎಲ್ಲರದೂ ಓದುತ್ತಿದ್ದೇನೆ. ಇನ್ನೊಂದು ಪ್ರಶ್ನೆ. ಈ ಮುಂದಕ್ಕೆ ಬಾಗುವ ಕ್ಯಾಬಿನ್ ನನಗೆ ಹೊಸದು. ಇಂಜಿನ್ ನೋಡಬೇಕಾದರೆ ಮನೆಯನ್ನೇ ಬಗ್ಗಿಸಬೇಕಲ್ಲ?

ದ್ರಾಕ್ಷಿ ಗಾಡಿ, ತಿಕೋಟಾ

ಬಗ್ಗಿಸಬೇಕು. ಬಗ್ಗಿಸುವ ಮೊದಲು ಮನೆ ಖಾಲಿ ಮಾಡಬೇಕು. ಇದನ್ನು ನಾನು ದುಡ್ಡು ಕೊಟ್ಟು ಕಲಿತಿದ್ದೇನೆ.

ಕೊಲ್ಹಾರದ ಆಚೆ ಬೆಲ್ಟ್ ಹರಿಯಿತು. ನೆರಳಿಗೆ ಹಾಕಿ ಜಾಕಿನ ಹ್ಯಾಂಡಲ್ ಪಂಪ್ ಮಾಡತೊಡಗಿದೆ. ಕ್ಯಾಬಿನ್ ನಿಧಾನ ಮುಂದೆ ಬಾಗಿತು. ಒಳಗೆ ಮೊದಲು ಒಂದು ಸಣ್ಣ ಸದ್ದು, ಚಮಚ ಜಾರಿದ ಹಾಗೆ. ಆಮೇಲೆ ನೀರಿನ ಕ್ಯಾನು. ಆಮೇಲೆ ಶೇಂಗಾ ಚಟ್ನಿ ಡಬ್ಬಿ, ಕಟಕ್ ರೊಟ್ಟಿ ಗಂಟು, ಟೂಲ್ ಬಾಕ್ಸ್. ಟೂಲ್ ಬಾಕ್ಸ್ ಮುಂದಿನ ಗಾಜಿನ ಮೇಲೆ ಬಿತ್ತು. ಗಾಜಿನಲ್ಲಿ ಜೇಡರ ಬಲೆ. ಡ್ಯಾಶ್‌ಬೋರ್ಡಿನ ಮೇಲಿನ ಸಿದ್ಧೇಶ್ವರನ ಫೋಟೊ ಮಾತ್ರ ಅಲುಗಲಿಲ್ಲ, ಅದಕ್ಕೆ ಡಬಲ್ ಟೇಪ್ ಹಾಕಿದ್ದೆ.

ಅವತ್ತಿನಿಂದ ಬಗ್ಗಿಸುವ ಮೊದಲು ನಾನು ಒಮ್ಮೆ ಒಳಗೆ ಹೋಗಿ ಎಲ್ಲ ಕೆಳಗಿಳಿಸುತ್ತೇನೆ. ಗೇರು ನ್ಯೂಟ್ರಲ್, ಹ್ಯಾಂಡ್ ಬ್ರೇಕ್, ಗಾಲಿಗೆ ಕಲ್ಲು. ಪೂರ್ತಿ ಬಾಗಿ ಲಾಕ್ ಬೀಳುವವರೆಗೆ ತಲೆ ಕೆಳಗೆ ಹಾಕಬೇಡಿ. ಕೆಳಗಿಳಿಸಿದ ಮೇಲೆ ಹಿಂದಿನ ಕೊಂಡಿ ಕುಳಿತಿದೆಯಾ ಅಂತ ಕೈ ಹಾಕಿ ನೋಡಿ. ಅದು ಬಿಚ್ಚಿದ್ದಾಗ ಬ್ರೇಕ್ ಹೊಡೆದರೆ ಕ್ಯಾಬಿನ್ ಮುಂದಕ್ಕೆ ಹಾರುತ್ತದೆ.

ಕಬ್ಬಿನ ಸೀಸನ್, ಮಹಾಲಿಂಗಪುರ

ಯಾರೂ ಹೇಳದ ಒಂದು ವಿಷಯ. ಎತ್ತರ. ಹೊಸ ಕ್ಯಾಬಿನ್‌ಗಳಲ್ಲಿ ನೀವು ಮಾಳಿಗೆ ಮೇಲೆ ಕೂತ ಹಾಗೆ ಕೂರುತ್ತೀರಿ. ದೂರದ್ದು ಚೆನ್ನಾಗಿ ಕಾಣುತ್ತದೆ. ಹತ್ತಿರದ್ದು, ಅದರಲ್ಲೂ ಎಡಗಡೆ ಬಾಗಿಲ ಬುಡದಲ್ಲಿ ಇರುವ ಬೈಕು ಕಾಣುವುದಿಲ್ಲ. ನವೆಂಬರಿನಿಂದ ಮಾರ್ಚ್‌ವರೆಗೆ ನಮ್ಮ ಮುಧೋಳ, ಜಮಖಂಡಿ ರಸ್ತೆಯಲ್ಲಿ ರಾತ್ರಿ ಎರಡೆರಡು ಟ್ರಾಲಿ ಕಟ್ಟಿಕೊಂಡ ಕಬ್ಬಿನ ಟ್ರ್ಯಾಕ್ಟರ್‌ಗಳು. ಹಿಂದೆ ಕೆಂಪು ಲೈಟಿಲ್ಲ, ಕಬ್ಬಿನ ಸೋಗೆ ಜೋತಾಡುತ್ತಿರುತ್ತದೆ ಅಷ್ಟೇ. ಎಡಗಡೆ ಬಾಗಿಲ ಮೇಲೆ ಕೆಳಮುಖದ ಕನ್ನಡಿ ಇದೆಯಾ, ಮಳೆಯಲ್ಲಿ ವೈಪರ್ ಗಾಜಿನ ಎಷ್ಟು ಭಾಗ ಒರೆಸುತ್ತದೆ, ಇವೆರಡನ್ನೂ ಶೋರೂಮಿನಲ್ಲೇ ಕೂತು ನೋಡಿ.

ಬ್ಲಾಜೊ ಎರಡು ಸೀಸನ್ ಓಡಿಸಿದ್ದೇನೆ. ಎದುರಿಗೆ ಗಾಜು ಅಗಲ, ನನಗೆ ಇಷ್ಟ ಆಯಿತು.

ಹತ್ತು ಗಾಲಿ, ಜಮಖಂಡಿ

ಗಾಡಿ ಆಯಿತು. ಹೇಗೆ ಆಯಿತು ಅಂತ ಹೇಳುತ್ತೇನೆ.

ಮುಧೋಳದ ಅಕ್ಕಾ ಹೇಳಿದ ಹಾಗೆ ಹೆಂಡತಿಯನ್ನೂ ಕರೆದುಕೊಂಡು ಹೋದೆ. ಮಾಲಕರು, ನಾನು, ಅವಳು. ಎರಡು ದಿವಸದಲ್ಲಿ ನಾಲ್ಕು ಶೋರೂಮ್. ಪ್ರತಿ ಗಾಡಿ ಹತ್ತಿದೆ, ಚಪ್ಪಲಿ ಬಿಟ್ಟು ಮಲಗಿದೆ. ಒಂದು ಕಡೆ ಸೇಲ್ಸ್ ಹುಡುಗ ನಕ್ಕ. "ಸರ್, ಎಲ್ಲರೂ ಇಂಜಿನ್ ಚಾಲು ಮಾಡಿ ಅಂತಾರೆ, ನೀವು ದಿಂಬು ಕೇಳ್ತೀರಿ." ಹೆಂಡತಿ ಕೆಳಗೆ ನಿಂತು ಹೊಳ್ಳಿ ನೋಡಿ, ಹೊಳ್ಳಿ ನೋಡಿ ಅಂತ ಕೂಗುತ್ತಿದ್ದಳು. ಮಾಲಕರು ಆ ಕಡೆ ಮುಖ ತಿರುಗಿಸಿಕೊಂಡಿದ್ದರು, ನಗುತ್ತಿದ್ದರೋ ಏನೋ.

ಬಾಡಿ ಅಣ್ಣಾ ಹೇಳಿದ್ದು ಅಲ್ಲೇ ಬಂತು. ಮಾಲಕರು ಡೇ ಕ್ಯಾಬಿನ್ನಿಗೆ ಅಡ್ವಾನ್ಸ್ ಕೊಡುವವರಿದ್ದರು. ನಾನು ಏನೂ ಹೇಳಲಿಲ್ಲ. ಅವರನ್ನೇ ಒಮ್ಮೆ ಹತ್ತಿ ಮಲಗಿ ನೋಡಿ ಅಂದೆ. ಹತ್ತಿದರು. ಡೇ ಕ್ಯಾಬಿನ್ನಿನಲ್ಲಿ ಸೀಟಿನ ಹಿಂದೆ ಇರುವ ಸಂದಿಯಲ್ಲಿ ಮೈ ಮಡಚಿಕೊಂಡು ಮಲಗಿದರು, ಅವರದು ಸ್ವಲ್ಪ ದೊಡ್ಡ ದೇಹ. ಒಂದು ನಿಮಿಷಕ್ಕೆ ಎದ್ದು ಇಳಿದರು. ಬನಿಯನ್ ಸರಿ ಮಾಡಿಕೊಂಡು "ಸ್ಲೀಪರಿನದು ರೇಟ್ ಹೇಳು" ಅಂದರು ಆ ಹುಡುಗನಿಗೆ.

ಸಿಗ್ನಾ ಸ್ಲೀಪರ್ ಆಯಿತು. ನಮ್ಮೂರ ಮೇಸ್ತ್ರಿಗೆ ಟಾಟಾ ಕೈ ಹಿಡಿದಿದೆ, ಪಾರ್ಟು ಸಿಗುತ್ತದೆ, ಅದೂ ಒಂದು ಕಾರಣ. ಭಾರತ್ ಬೆಂಜಿನ ಬಾಗಿಲು ಎರಡು ಸಲ ಹಾಕಿ ತೆಗೆದು ನೋಡಿದೆ, ಖಾನಾಪುರದವರು ಹೇಳಿದ್ದು ಸುಳ್ಳಲ್ಲ.

ಎಸಿ ಮಾತೂ ಆಡಿದೆ. ಬಯಲಿನಲ್ಲಿ ಹಾಕು, ಅರಬೈಲ್ ಏರುವಾಗ ಬಂದ್ ಮಾಡು, ಟ್ರಿಪ್ಪಿಗೆ ಹತ್ತು ಲೀಟರ್ ಜಾಸ್ತಿ ಬಿಡುತ್ತೇನೆ ಅಂದರು. ಮೊದಲ ತಿಂಗಳ ಲೆಕ್ಕ ನೋಡಿ ಮತ್ತೆ ಕೂತು ಮಾತಾಡುವುದು ಅಂತ ಆಗಿದೆ.

ನಿಪ್ಪಾಣಿ ಕಾಕಾ

ಶುಭವಾಗಲಿ ತಮ್ಮಾ. ನಿಪ್ಪಾಣಿ ಕಡೆ ಲೋಡು ಬಂದರೆ ನಿಲ್ಲಿಸು. ಒಮ್ಮೆ ಹತ್ತಿ ಕೂರಬೇಕು.

ಕೌದಿ, ಮುಧೋಳ

ಅಳತೆ ತಗೊಂಡಿರಾ?

ಹತ್ತು ಗಾಲಿ, ಜಮಖಂಡಿ

ತಗೊಂಡಳು ಅಕ್ಕಾ. ಹಳೆ ಕೌದಿಗೆ ಇನ್ನೂ ಒಂದು ಗೇಣಿನ ಪಟ್ಟಿ ಜೋಡಿಸಬೇಕಂತೆ. ಅದಕ್ಕೆ ನನ್ನ ಹಳೆ ಖಾಕಿ ಅಂಗಿ ಹರಿಯುತ್ತಿದ್ದಾಳೆ ಈಗ.